ಕೇಂದ್ರದ ಅಧಿಕಾರಕ್ಕೆ ಎಲ್ಲೆ

ಬಲಿಷ್ಠವಾದ ಕೇಂದ್ರಸರಕಾರವಿಲ್ಲದೆ ಭಾರತದ ಐಕ್ಯವು ಉಳಿಯದೆಂಬ ಮಾತನ್ನು ನಾವು ಮನಃಪೂರ್ವಕವಾಗಿ ಒಪ್ಪುತ್ತೇವೆ. ಆದರೆ ಬಲವೆಂದರೆ ಎಲ್ಲೆಯಿಲ್ಲದ ಅಧಿಕಾರವೆಂದು ಬಗೆಯುವವರೊಡನೆ ನಮಗೆ ಸಹಮತವಿಲ್ಲ. ರಾಜ್ಯಸರಕಾರಗಳನ್ನು ವಜಾಮಾಡಲು ಆಸ್ಪದವೀಯುವ ಸಂವಿಧಾನದ 356ನೆಯ ವಿಧಿಯ ಚರಿತ್ರೆಯನ್ನು ಅಂಥವರು ಒಮ್ಮೆ ಓದಿ ನೋಡಲಿ.

ಈ ವಿಧಿಯ ಬೇರು ಪರಕೀಯರ ಆಳಿಕೆಯಲ್ಲಿದೆ. 1935ರ ಕಾಯಿದೆಯ 93ನೆಯ ಕಲಮು ಪ್ರಾಂತದ ಆಡಳಿತವನ್ನೆಲ್ಲ ಗವರ್ನರರು ತಾವೇ ವಹಿಸಿಕೊಳ್ಳಲು ಅವಕಾಶವಿತ್ತಿತ್ತು. 1939ರಲ್ಲಿ ಕಾಂಗ್ರೆಸ್ ಮಂತ್ರಿಮಂಡಲಗಳು ರಾಜೀನಾಮೆಯಿತ್ತ ತರುವಾಯ ದೇಶವು ಅದರ ರುಚಿಯನ್ನು ಕಂಡಿತು. ಅದನ್ನು ಹೋಲುವ ವಿಧಿಯು ನಮ್ಮ ಸಂವಿಧಾನವನ್ನು ಸೇರುವಾಗ, ಇದು ಬಳಕೆಗೆ ಬಾರದೆ ನಿರ್ಜೀವವಾಗಿಯೇ ಉಳಿಯಲೆಂದು ಡಾ. ಅಂಬೇಡ್ಕರರು 1949ರಲ್ಲಿ ಆಶಿಸಿದರು. ಆದುದೇನು? 1951ರಲ್ಲಿ ಪಂಜಾಬಿನಿಂದ ಮೊದಲ್ಗೊಂಡು ನೂರಕ್ಕೂ ಹೆಚ್ಚು ಸಲ ಅದು ಪ್ರಯೋಗಕ್ಕೆ ಬಂದಿದೆ. 1977ರಲ್ಲಿ ಜನತಾ ಸರಕಾರವು 9 ರಾಜ್ಯಗಳ ಶಾಸನಸಭೆಗಳನ್ನು ವಿಸರ್ಜಿಸಿತು. 1980ರಲ್ಲಿ ಕಾಂಗ್ರೆಸ್ ಸರಕಾರವೂ 9 ಸಭೆಗಳನ್ನು ವಿಸರ್ಜಿಸಿ ಲೆಕ್ಕ ತೀರಿಸಿತು. ಪಕ್ಷ ಬೇರೆ, ಚಾಳಿ ಒಂದೇ.

ಕರ್ನಾಟಕವೂ ಇದನ್ನು ಉಂಡಿದೆ. 1989ರ ಏಪ್ರಿಲಿನಲ್ಲಿ 19 ಮಂದಿ ಶಾಸಕರು ಬೆಂಬಲವನ್ನು ಹಿಂತೆಗೆದರೆಂಬ ಪತ್ರಗಳನ್ನು ನಂಬಿ ರಾಜ್ಯಪಾಲರು ದಿಲ್ಲಿಗೆ ವರದಿ ಕಳುಹಿದರು. ಮರುದಿನವೇ ಅವರಲ್ಲಿ 7 ಮಂದಿ ಮರಳಿ ಸರಕಾರದ ಕಡೆಗೆ ಬಂದರು. ಶಾಸನಸಭೆಯಲ್ಲಿಯೇ ಬಹುಮತವನ್ನು ತೋರಿಸುವೆನೆಂದು ಮುಖ್ಯಮಂತ್ರಿ ಎಸ್. ಆರ್. ಬೊಮ್ಮಾಯಿಯವರು ಹೇಳಿದರು. ಆದರೂ 21ನೆಯ ತಾರೀಖಿನಂದು ಮಂತ್ರಿಮಂಡಲವು ವಜಾ ಆಯಿತು. ಸಭೆಯು ಎಣಿಸಬೇಕಾದ ತಲೆಗಳನ್ನು ರಾಜಭವನವು ಎಣಿಸಿತು!

1994ರ ಮಾರ್ಚ್ 11ರಂದು ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳ ಪೀಠವು ಈ ಕ್ರಮವು ಸಂವಿಧಾನಬಾಹಿರವೆಂದು ಸಾರಿತು. ಬಹುಮತದ ಪರೀಕ್ಷೆ ಸಭೆಯೊಳಗೆ ನಡೆಯಬೇಕು. ರಾಷ್ಟ್ರಪತಿಗಳ ಘೋಷಣೆಯನ್ನು ನ್ಯಾಯಾಲಯವು ಪರಿಶೀಲಿಸಬಹುದು. ಪಾರ್ಲಿಮೆಂಟಿನ ಉಭಯ ಸಭೆಗಳು ಒಪ್ಪುವ ಮುನ್ನ ಶಾಸನಸಭೆಯನ್ನು ವಿಸರ್ಜಿಸಕೂಡದು. ಕೇಂದ್ರದ ಕೈಯನ್ನು ಈ ತೀರ್ಪು ಕತ್ತರಿಸಲಿಲ್ಲವೆಂಬುದನ್ನೂ ಗಮನಿಸಬೇಕು. 1992ರಲ್ಲಿ ಮಧ್ಯಪ್ರದೇಶ, ರಾಜಸ್ಥಾನ, ಹಿಮಾಚಲ ಪ್ರದೇಶಗಳಲ್ಲಿ ಕೈಗೊಂಡ ಕ್ರಮವನ್ನು ಅದೇ ಪೀಠವು ಎತ್ತಿಹಿಡಿಯಿತು. ಅಧಿಕಾರ ಉಳಿಯಿತು, ಅದಕ್ಕೆ ಎಲ್ಲೆ ಬಂದಿತು.

ಆದರೆ ಅಷ್ಟರಲ್ಲಿ ಸುಮಾರು ಐದು ವರುಷಗಳು ಸಂದಿದ್ದವು. ವಜಾ ಆದ ಮಂತ್ರಿಮಂಡಲವು ಮರಳಲಿಲ್ಲ; ಕೊಳ್ಳೆ ಹೋದ ಮೇಲೆ ಕೋಟೆಯ ಬಾಗಿಲು ಹಾಕಿದಂತಾಯಿತು. ವಿಳಂಬವು ಅನಿವಾರ್ಯವಲ್ಲವೆಂಬುದಕ್ಕೆ 2016ರ ಉತ್ತರಾಖಂಡವೇ ಪ್ರಮಾಣ. ಅಲ್ಲಿ ಮಾರ್ಚಿನಲ್ಲಿ ರಾಷ್ಟ್ರಪತಿ ಆಳಿಕೆ ಬಂದಿತು. ಸುಪ್ರೀಂ ಕೋರ್ಟಿನ ಅಪ್ಪಣೆಯಂತೆ ಮೇ 10ರಂದು ಸಭೆಯಲ್ಲಿ ಮತ ತೆಗೆದು, ಸರಕಾರವು ಮರಳಿ ಅಧಿಕಾರಕ್ಕೆ ಬಂದಿತು.

ಆದುದರಿಂದ ಇಂಥ ಮೊಕದ್ದಮೆಗಳು ಹೊಸ ಚುನಾವಣೆಗೆ ಮುನ್ನವೇ, ಕೆಲವೇ ವಾರಗಳಲ್ಲಿ ತೀರ್ಮಾನವಾಗುವಂತೆ ನಿಯಮವಾಗಬೇಕೆಂದು ನಾವು ಆಗ್ರಹಪಡಿಸುತ್ತೇವೆ. ವಿರೋಧಪಕ್ಷದಲ್ಲಿರುವಾಗ ಈ ಎಲ್ಲೆಯನ್ನು ಕೊಂಡಾಡಿ, ಗದ್ದುಗೆಯೇರಿದೊಡನೆ ಅದನ್ನು ಮರೆಯುವ ಪಕ್ಷಗಳನ್ನು ಮತದಾರರು ಗುರುತಿಟ್ಟುಕೊಳ್ಳಲಿ. ರಾಜ್ಯದ ಪ್ರಜೆಗಳು ಆರಿಸಿದ ಸರಕಾರವನ್ನು ಇಳಿಸುವ ಹಕ್ಕು ಮೊದಲಿಗೆ ಆ ಪ್ರಜೆಗಳದು, ಅವರ ಸಭೆಯದು.