ಪ್ರತಿನಿಧಿ ಯಾರು?

ರಾಷ್ಟ್ರೀಯ ಸೇವಾ ಯೋಜನೆಗೆ ವಿದ್ಯಾರ್ಥಿ ಪ್ರತಿನಿಧಿಯನ್ನು ಆರಿಸುವ ಭಾರ ಒಮ್ಮೆ ನನ್ನ ಮೇಲೆ ಬಿದ್ದಿತು. ಕನ್ನಡದ ಅಧ್ಯಾಪಕನಲ್ಲವೆ, ಮಾತಿಗೆ ಮರುಳಾದೆ. ಸೊಗಸಾಗಿ ಭಾಷಣ ಮಾಡುವವನನ್ನೇ ಆರಿಸಿದೆ.

2019ರ ಆಗಸ್ಟಿನಲ್ಲಿ ಕೃಷ್ಣೆ ಜಮಖಂಡಿಯ ಹಳ್ಳಿಗಳಿಗೂ ಘಟಪ್ರಭೆ ಮುಧೋಳದ ಹಳ್ಳಿಗಳಿಗೂ ನುಗ್ಗಿದಾಗ ನನ್ನ ತಪ್ಪು ನನಗೆ ತಿಳಿಯಿತು. ಪರಿಹಾರ ಕೇಂದ್ರದಲ್ಲಿ ರೊಟ್ಟಿಯ ಗಂಟು ಹೊರುತ್ತ, ಮುದುಕರನ್ನು ಕೈಹಿಡಿದು ನಡೆಸುತ್ತ ಇದ್ದವನು ಬನಹಟ್ಟಿಯ ನೇಕಾರರ ಮನೆಯ ಹುಡುಗ. ತರಗತಿಯಲ್ಲಿ ಎಂದೂ ಬಾಯಿ ತೆರೆದವನಲ್ಲ.

“ನಿನ್ನ ಹೆಸರು ಪಟ್ಟಿಯೊಳಗಿಲ್ಲಲ್ಲಪಾ?” ಎಂದೆ.

“ಹೊಳಿ ಏನ್ ಪಟ್ಟಿ ನೋಡಿ ಬಂದೈತೇನ್ರಿ, ಸರ್?” ಎಂದ.

ವಿಜಾಪುರ ಜಿಲ್ಲೆಯ ತಿಡಗುಂದಿಯಲ್ಲಿ ಹುಟ್ಟಿದ ಡಾ. ನಾ. ಸು. ಹರ್ಡೀಕರರು 1923ರಲ್ಲಿ ಹಿಂದೂಸ್ತಾನಿ ಸೇವಾದಳವನ್ನು ಕಟ್ಟಿ ತರುಣರಿಗೆ ಕಲಿಸಿದ್ದು ಶಿಸ್ತನ್ನು, ಸೇವೆಯನ್ನು. 1969ರಲ್ಲಿ ಆರಂಭವಾದ ಸೇವಾ ಯೋಜನೆಯ ಧ್ಯೇಯವಾಕ್ಯವೂ ‘ನನಗಲ್ಲ, ನಿನಗೆ’ ಎಂಬುದೇ. ಎರಡು ವರ್ಷಗಳಲ್ಲಿ 240 ಗಂಟೆ ದುಡಿದರೆ ಪ್ರಮಾಣಪತ್ರ ದೊರೆತೀತು. ಪ್ರತಿನಿಧಿತ್ವ ಗಂಟೆಯ ಲೆಕ್ಕಕ್ಕೆ ಸಿಕ್ಕುವ ವಸ್ತುವಲ್ಲ.

ಗಣರಾಜ್ಯೋತ್ಸವದ ಪಥಸಂಚಲನಕ್ಕೆಂದು ದಿಲ್ಲಿಗೆ ಹೋಗುವ ತರುಣರು ಹೋಗಲಿ, ಸಂತೋಷ. ಆದರೆ ನಾಡಿನ ಪರವಾಗಿ ನಿಲ್ಲುವವನು ಮೊದಲು ತನ್ನ ಊರಿನ ಕೆಸರನ್ನು ತುಳಿದವನಾಗಿರಬೇಕು. ಅಧ್ಯಾಪಕರಾದ ನಾವು ಇನ್ನಾದರೂ ನಾಲಗೆಯನ್ನು ಬಿಟ್ಟು ಅಂಗೈಯನ್ನು ನೋಡಿ ಆರಿಸೋಣ.