ಮಷಿನ್ ಜೊತೆಗೆ ಕನ್ನಡಕನೂ ಬರಬೇಕು



ಮಾನ್ವಿ ಕಡೆ ತುಂಗಭದ್ರಾ ಎಡದಂಡೆ ನೀರು, ದೇವದುರ್ಗ ಕಡೆ ನಾರಾಯಣಪುರ ಬಲದಂಡೆ ನೀರು. ನೀರು ಬಂದಲ್ಲಿ ಭತ್ತ ಬಂತು, ಭತ್ತದ ಜೊತೆ ಒಡ್ಡಿನ ಮ್ಯಾಲೆ ಹುಲ್ಲೂ ಬಂತು. ಬೇಲಿಗೆ ಜಾಲಿ ಅಂತೂ ಇದ್ದೇ ಐತಿ. ನಾಕು ಆಳು ಕುಡುಗೋಲು, ಕೊಡ್ಲಿ ಹಿಡಿದು ಮಾಡೋ ಕೆಲಸಾನ ಈಗ ಒಬ್ಬನೇ ಬ್ರಷ್ ಕಟರ್ ಹಾಕ್ಕೊಂಡು ಮುಗಿಸ್ತಾನ. ಮನಿ ಮುಂದಿನ ಬೇಲಿ ಗಿಡಕ್ಕೂ ಅದೇ ಮಷಿನ್. ಆಳು ಸಿಗದ ಕಾಲದಾಗ ಇದು ಬೇಕೇ ಬೇಕು. ಮಷಿನ್ ಬಗ್ಗೆ ನನ್ನ ತಕರಾರಿಲ್ಲ, ಅದನ್ನ ಕೊಡೋ ರೀತಿ, ಹಿಡಿಯೋ ರೀತಿ ಬಗ್ಗೆ ಐತಿ.

ಹೊಲದಾಗ ನೋಡ್ರಿ. ಬರಿಗಾಲು, ಮೊಣಕಾಲ ತನಕ ಎತ್ತಿ ಕಟ್ಟಿದ ಲುಂಗಿ, ಕಣ್ಣಿಗೆ ಏನಿಲ್ಲ. ಹುಲ್ಲು ಸಿಗಿಬೀಳ್ತೈತಿ ಅಂತ ಗಾರ್ಡ್ ಬಿಚ್ಚಿ ಮನ್ಯಾಗ ಇಟ್ಟಿರ್ತಾರ. ನೈಲಾನ್ ದಾರ ಬೇಗ ಸವೀತೈತಿ ಅಂತ ಅದರ ಬದಲು ತಂತಿ ಹಾಕೋರೂ ಅದಾರ. ಆ ತಂತಿ ತುಂಡಾದ್ರೆ ಗುಂಡಿನಂಗ ಹಾರತೈತಿ.

"ಕುಡುಗೋಲಿನಾಗೂ ಕೈ ಕೊಯ್ದುಕೊಂಡೀವಿ ಬಿಡ್ರಿ" ಅಂತ ಕೆಲವರು ಅಂತಾರ. ಎರಡೂ ಒಂದೇ ಅಲ್ಲ. ಕೈ ನಿಂತ್ರೆ ಕುಡುಗೋಲು ನಿಲ್ಲತೈತಿ. ಈ ಬ್ಲೇಡ್ ನಿಮಿಷಕ್ಕೆ ಸಾವಿರಾರು ಸುತ್ತು ತಿರುಗತೈತಿ, ಆಕ್ಸಿಲೇಟರ್ ಬಿಟ್ಟ ಮೇಲೂ ಸ್ವಲ್ಪ ಹೊತ್ತು ತಿರುಗತಾನೇ ಇರತೈತಿ. ಸಣ್ಣ ಹರಳು ತಾಗಿದ್ರೂ ದೂರ ಸಿಡೀತೈತಿ. ಅದಕ್ಕೇ 15 ಮೀಟರ್ ಒಳಗೆ ಮಕ್ಕಳು, ದನ, ಹಿಂದೆ ಹುಲ್ಲು ಆರಿಸೋ ಹೆಣ್ಣುಮಕ್ಕಳು ಯಾರೂ ಇರಬಾರದು.

ಇನ್ನೊಂದು ಮಾತು ಅಂಗಡಿಯಾಗ ಹೇಳೋದು ಕಮ್ಮಿ. ಸಾಮಾನ್ಯವಾಗಿ ಈ ಬ್ಲೇಡ್ ಮೇಲಿಂದ ನೋಡಿದ್ರೆ ಗಡಿಯಾರದ ಮುಳ್ಳಿಗೆ ಉಲ್ಟಾ ತಿರುಗತೈತಿ. ಆದ್ದರಿಂದ ಬಲದಿಂದ ಎಡಕ್ಕೆ ಬೀಸಬೇಕು, ಬ್ಲೇಡಿನ ಎಡಭಾಗದಿಂದ ಕೊಯ್ಯಬೇಕು. ಮುಂದಿನ ಬಲಮೂಲೆ ದಪ್ಪ ಜಾಲಿ ಬುಡಕ್ಕೋ ಕಲ್ಲಿಗೋ ತಾಗಿದ್ರೆ ಮಷಿನ್ ಒಮ್ಮೆಲೆ ಜಾಡಿಸಿ ಒದೀತೈತಿ. ಕಲ್ಲಿದ್ದಲ್ಲಿ ನೈಲಾನ್ ದಾರ, ಜಾಲಿ ಪೊದೆಗೆ ಹಲ್ಲಿನ ಬ್ಲೇಡ್, ದಪ್ಪ ಬುಡಕ್ಕೆ ಕೊಡ್ಲಿನೇ ಸರಿ. ಸಿಕ್ಕ ಹುಲ್ಲು ತೆಗೀಬೇಕಾದ್ರೆ ಮೊದಲು ಎಂಜಿನ್ ಬಂದ್ ಮಾಡ್ರಿ. ಬಿಸಿ ಎಂಜಿನ್ನಿಗೆ ಪೆಟ್ರೋಲ್ ಹಾಕಬ್ಯಾಡ್ರಿ.

"ನಮ್ಮ ರಾಯಚೂರು ಬಿಸಿಲಾಗ ಬೂಟು, ಕನ್ನಡಕ ಯಾರು ಹಾಕ್ತಾರ?" ಅನ್ನೋ ಮಾತಿನಾಗ ಸತ್ಯ ಐತಿ. ಹಂಗಾದ್ರೆ ಮುಂಜಾನೆ ತಂಪಿನಾಗ ಕೆಲಸ ಮುಗಿಸಬೇಕು, ಬೂಟು ಬಿಡೋದಲ್ಲ. ಒಡ್ಡಿನ ಹುಲ್ಲಿನಾಗ ಕೊಳಕುಮಂಡಲ ಇರತೈತಿ, ಅದಕ್ಕೂ ಬೂಟು ಬೇಕೇ ಬೇಕು.

ಆದ್ರೆ ಎಲ್ಲಾ ರೈತನ ತಲಿ ಮೇಲೇ ಹಾಕಿದ್ರೆ ಆಗಲ್ಲ. ರೈತ ಸಂಪರ್ಕ ಕೇಂದ್ರದಾಗ ಯಂತ್ರಕ್ಕೆ ಸಬ್ಸಿಡಿ ಅರ್ಜಿ ತಗೋತಾರ, ಯಂತ್ರಧಾರೆಯಾಗ ಬಾಡಿಗೆಗೆ ಕೊಡ್ತಾರ. ಬ್ರಷ್ ಕಟರ್ ಕೊಡೋವಾಗ ಕನ್ನಡಕ, ಕಾಲಿನ ಕವಚನೂ ಅದರ ಜೊತೆಗೇ ಕೊಡಬೇಕು, ಅರ್ಧ ತಾಸು ಹಿಡಿದು ತೋರಿಸಬೇಕು. ರಾಯಚೂರು ಕೃಷಿ ವಿಶ್ವವಿದ್ಯಾಲಯದಾಗ ಕೃಷಿ ಎಂಜಿನಿಯರಿಂಗ್ ಕಾಲೇಜೇ ಐತಿ, ಕಲಿಸೋರಿಗೆ ಬರ ಇಲ್ಲ.

ರಾಶಿ ಮಷಿನ್‌ನಾಗ ಕೂಲಿಯವರು ಕೈ ಕಳಕೊಂಡ ಮೇಲೆ 1983ರಾಗ ಅಪಾಯಕಾರಿ ಯಂತ್ರಗಳ ಕಾಯ್ದೆ ಬಂತು. ಅದರಾಗ ಪರಿಹಾರದ ಮಾತೂ ಐತಿ. ಆದ್ರೆ ಪರಿಹಾರ ಬಂದ್ರೆ ಹೋದ ಕೈ ಬರತೈತೇನು? ಇದಕ್ಕೂ ಕಣ್ಣು ಹೋಗೋ ತನಕ ಕಾಯೋದು ಬ್ಯಾಡ.

ಕಡೀಗೆ ನಮ್ಮ ನಮ್ಮೊಳಗಿನ ಮಾತು. ಮಷಿನ್ ನಮ್ಮದು, ಹಿಡಿಯೋನು ಕೂಲಿ ಹುಡುಗ. ಪೆಟ್ರೋಲ್, ಆಯಿಲ್ ಖರ್ಚು ಲೆಕ್ಕ ಹಾಕೋ ನಾವು ನೂರಿನ್ನೂರು ರೂಪಾಯಿ ಕನ್ನಡಕಕ್ಕೆ ಯಾಕೆ ಹಿಂದ ಮುಂದ ನೋಡ್ತೀವಿ? ಅವನ ಕಣ್ಣು ಹೋದ್ರೆ ಅವನ ಮನಿಯೇ ಕತ್ತಲಾಗತೈತಿ. ಈ ಹಂಗಾಮಿನಾಗ ಕೂಲಿ ಮಾತಾಡುವಾಗ ಕನ್ನಡಕ, ಬೂಟು ನಾವೇ ಕೈಯಾಗ ಕೊಡೋಣ. ಹಾಕ್ಕೊಂಡ್ರೆ ಕೆಲಸ, ಇಲ್ಲಾಂದ್ರೆ ಮಷಿನ್ ಕೊಡಬ್ಯಾಡ್ರಿ.