ಮೊದಲ ಮೆಟ್ಟಿಲು

ಕರಾಟೆಯ ಬೆಲ್ಟ್ ಪರೀಕ್ಷೆಗೆ ಮೂರು ಅಂಗಗಳು: ಹೊಡೆತ, ತಡೆ, ನಿಲುವುಗಳ ಕಿಹೋನ್; ನಿಗದಿತ ಚಲನೆಗಳ ಸರಣಿಯಾದ ಕಟಾ; ಎದುರಾಳಿಯೊಡನೆ ನಡೆಸುವ ಕುಮಿಟೆ. ಶೋಟೊಕಾನ್ ಪದ್ಧತಿಯ ಹೇಯಾನ್ ಶೋದಾನ್ ಕಟಾದಲ್ಲಿ 21 ಚಲನೆಗಳಿವೆ. ಆರಂಭಿಸಿದ ಸ್ಥಳದಲ್ಲೇ ಅದು ಮುಗಿಯಬೇಕು. ಹೆಜ್ಜೆಯ ಅಳತೆ ತಪ್ಪಿದ್ದರೆ ಕೊನೆಯಲ್ಲಿ ಮಗುವಿಗೇ ತಿಳಿಯುತ್ತದೆ.

ಎಣಿಕೆಯೂ ಆಜ್ಞೆಗಳೂ ಜಪಾನಿ ಭಾಷೆಯವು: ಇಚಿ, ನಿ, ಸಾನ್. ಗಡಿನಾಡಿನ ಕನ್ನಡ ಶಾಲೆಯ ಮಗುವಿಗೂ ನೆರೆಯ ಇಂಗ್ಲಿಷ್ ಶಾಲೆಯ ಮಗುವಿಗೂ ಅವು ಸಮಾನವಾಗಿ ಹೊಸವು. ಮಾಧ್ಯಮದ ಕಾರಣದಿಂದ ಹಿಂದೆ ಬೀಳುವೆನೆಂಬ ಅಳುಕಿಗೆ ಅಲ್ಲಿ ಎಡೆಯಿಲ್ಲ. ಪರೀಕ್ಷಕರು ನೋಡುವುದು ನಿಲುವನ್ನು, ಸಮತೋಲವನ್ನು, ನಿತ್ಯದ ಅಭ್ಯಾಸವನ್ನು.

ಕಪ್ಪು ಬೆಲ್ಟಿನ ಮೊದಲ ದರ್ಜೆಗೂ ಶೋದಾನ್ ಎಂದೇ ಹೆಸರು. ಆರಂಭದ ಮೆಟ್ಟಿಲೆಂದು ಅದರ ಅರ್ಥ. ಹೀಗಿರುವಾಗ ಹಳದಿ ಬೆಲ್ಟು ಒಮ್ಮೆ ಕೈತಪ್ಪಿದ ಮಗುವನ್ನು ಗದರಿಸುವುದೇಕೆ? ಮರುದಿನ ಅಭ್ಯಾಸಕ್ಕೆ ಕಳುಹಿಸಿದರೆ ಸಾಕು.